ಪರದೆಗಿಂತ ಐದು ನಿಮಿಷ ಮುಂಚೆ

೨೦೧೮ರ ಮಾರ್ಚ್ ೬, ಮಂಗಳವಾರ. ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಶುವೈಖ್ ಇಂಡಸ್ಟ್ರಿಯಲ್ ಏರಿಯಾದ ಪೊಲೀಸ್ ಠಾಣೆಗೆ ಅಹ್ಮದ್ ಬಾವಾ ಎಂಬವರು ಬಂದರು. ಉಳ್ಳಾಲದ ಕಡೆಯವರು, ಕುವೈತಿಗೆ ಬಂದು ಇಪ್ಪತ್ತೆರಡು ವರ್ಷ. ಮೊದಲು ಟಯರ್ ಗೋದಾಮಾಗಿದ್ದು ಈಗ ಕಂಪ್ಯೂಟರ್ ಆಟಗಳ ಪಂದ್ಯ ನಡೆಯುವ ಸಭಾಂಗಣವೊಂದಕ್ಕೆ ಅವರು ಮ್ಯಾನೇಜರ್. ಅರಬ್ಬಿ ಮಾತಾಡಲು ಬರುತ್ತಿತ್ತು. ಆದರೂ ದೂರು ಬರೆಸುವಾಗ ಒಂದು ಮಾತು ಹೆಚ್ಚು ಕಡಿಮೆಯಾದರೆ ಕಷ್ಟವೆಂದು ಠಾಣೆಯ ಭಾಷಾಂತರಕಾರ ಡೋಲ್ಫಿಯವರನ್ನು ಕರೆಸಿಕೊಂಡರು. ಡೋಲ್ಫಿ ಕಿನ್ನಿಗೋಳಿಯವರು. ಕನ್ನಡ, ತುಳು, ಕೊಂಕಣಿ, ಹಿಂದಿಯ ಎಷ್ಟೋ ಜನರ ಕಣ್ಣೀರನ್ನು ಹದಿನೇಳು ವರ್ಷಗಳಿಂದ ಅರಬ್ಬಿಗೆ ಇಳಿಸಿಕೊಟ್ಟವರು.

ಇನ್‌ಸ್ಪೆಕ್ಟರ್ ಬದ್ರ್ ಮೇಜಿನ ಆಚೆ ಕೂತು ಕೇಳಿದರು.

"ಏನು ಕಳವಾಗಿದೆ?"

"ಏನೂ ಕಳವಾಗಿಲ್ಲ ಸಾರ್. ಪಂದ್ಯದಲ್ಲಿ ಯಾರು ಗೆಲ್ಲುತ್ತಾರೆ ಅಂತ ಹೊರಗಿನವರಿಗೆ ಮೊದಲೇ ಗೊತ್ತಾಗ್ತಾ ಉಂಟು."

"ಫಲಿತಾಂಶ ಮೊದಲೇ ನಿಗದಿಯಾಗಿದೆ ಅಂತಲಾ?"

"ಅದು ನನಗೆ ಗೊತ್ತಿಲ್ಲ. ಅದನ್ನು ನೀವೇ ಹೇಳಬೇಕು."

ಬಾವಾ ವಿಷಯ ಬಿಡಿಸಿಟ್ಟರು. ಮಾರ್ಚ್ ಎರಡರಿಂದ ಒಂದು ವಾರದ ಪಂದ್ಯಾವಳಿ. ಒಂದು ತಂಡದಲ್ಲಿ ಐದು ಜನ. ಎದುರಾಳಿಯ ಕೋಟೆಯನ್ನು ಕೆಡವಿದ ತಂಡ ಗೆಲ್ಲುತ್ತದೆ. ಸಭಾಂಗಣದ ಹಿಂಭಾಗದಲ್ಲಿ ಒಂದು ಕೆಂಪು ಕೋಣೆ, ಒಂದು ನೀಲಿ ಕೋಣೆ. ಒಂದೊಂದು ತಂಡ ಒಂದೊಂದರೊಳಗೆ ಕೂತು ಆಡುತ್ತದೆ. ಶಬ್ದ ಹೊರಗೆ ಬರುವುದಿಲ್ಲ. ಆಟಗಾರರ ಫೋನುಗಳೆಲ್ಲ ಲಾಕರಿನಲ್ಲಿ. ಹೊರಗಿನಿಂದ ಯಾರೂ ಆಟಗಾರರಿಗೆ ಸುಳಿವು ಕೊಡಬಾರದೆಂದು ಇಂಟರ್ನೆಟ್ಟಿನಲ್ಲೂ ಸಭಾಂಗಣದ ದೊಡ್ಡ ಪರದೆಯಲ್ಲೂ ಆಟವನ್ನು ಬೇಕೆಂದೇ ಐದು ನಿಮಿಷ ತಡವಾಗಿ ತೋರಿಸುತ್ತಾರೆ. ಪ್ರೇಕ್ಷಕರು ಚಪ್ಪಾಳೆ ತಟ್ಟುವ ಹೊತ್ತಿಗೆ ಒಳಗೆ ಆ ಘಟನೆ ಮುಗಿದು ಐದು ನಿಮಿಷವಾಗಿರುತ್ತದೆ.

"ಹೊರದೇಶದ ಒಂದು ವೆಬ್‌ಸೈಟ್ ಉಂಟು ಸಾರ್. ಅದರಲ್ಲಿ ಪಂದ್ಯದ ಫಲಿತಾಂಶವನ್ನು ಷೇರಿನ ಹಾಗೆ ಮಾರುತ್ತಾರೆ. ಪರದೆಯಲ್ಲಿ ಕಾಣುವ ಮೊದಲೇ ಅಲ್ಲಿ ರೇಟು ಏರ್ತದೆ, ಇಳೀತದೆ."

"ಯಾರ ಮೇಲೆ ಅನುಮಾನ?"

"ಸಮೀಹಾ ಅಂತ ನಮ್ಮ ಬ್ಯಾರಿ ಹುಡುಗಿ. ಕುವೈತ್ ತಂಡದ ಕ್ಯಾಪ್ಟನ್. ಅವಳ ತಂಡ ಮೂರು ಪಂದ್ಯ ಸೋತಿತು. ಮೂರನ್ನೂ ಆ ಸೈಟು ಮುಂಚೆಯೇ ಹೇಳಿತ್ತು. ನಿನ್ನೆ ಅವಳನ್ನು ಸಸ್ಪೆಂಡ್ ಮಾಡಿದ್ದಾರೆ. ತಪ್ಪು ಸಾಬೀತಾದರೆ ಜನ್ಮಕ್ಕೆ ಆಡುವ ಹಾಗಿಲ್ಲ. ಕೇಸಾದರೆ ಇಕಾಮಾ ಪರವಾನಗಿ ಹೋಗ್ತದೆ, ತಾಯಿ ಮಗಳು ಇಬ್ಬರೂ ದೇಶ ಬಿಡಬೇಕು. ಅದಕ್ಕೇ ನಾನೇ ಬಂದದ್ದು ಸಾರ್. ಬೇರೆಯವರು ದೂರು ಕೊಟ್ಟಿದ್ದರೆ ಅವಳ ಹೆಸರೇ ಬರೆಸ್ತಿದ್ದರು."

ದೂರು ದಾಖಲಾಯಿತು. ನಂಬರ್ ೨೧೪. ಡೋಲ್ಫಿ ಅದನ್ನು ಬಾವಾರಿಗೆ ಓದಿ ಹೇಳಿ ಸಹಿ ಹಾಕಿಸಿದರು. "ಆಯ್ತು ಬಾವಾಕ, ಎಫ್‌ಐಆರ್ ಆದ ಹಾಗೆಯೇ. ನೀವು ಹೊರಡಿ," ಎಂದರು.

ಕಾನ್‌ಸ್ಟೇಬಲ್ ಮನ್ಸೂರ್‌ಗೆ ಇಪ್ಪತ್ತಾರು ವರ್ಷ. ಈ ಆಟವನ್ನು ಅವನೂ ಆಡುತ್ತಿದ್ದ. ಹನ್ನೊಂದೂವರೆಗೆ ಅವನು ಲ್ಯಾಪ್‌ಟಾಪಿನಲ್ಲಿ ಆ ಸೈಟನ್ನು ತೆರೆದು ಇನ್‌ಸ್ಪೆಕ್ಟರ್ ಮುಂದಿಟ್ಟ.

"ತಂಡ ಗೆದ್ದರೆ ಒಂದು ಪಾಲಿಗೆ ನೂರು ಸೆಂಟ್ ಸಿಗುತ್ತದೆ, ಸೋತರೆ ಸೊನ್ನೆ. ಈಗ ಅರವತ್ತಕ್ಕೆ ಮಾರಾಟವಾಗುತ್ತಿದ್ದರೆ ಆ ತಂಡ ಗೆಲ್ಲುವ ಸಾಧ್ಯತೆ ನೂರಕ್ಕೆ ಅರವತ್ತು ಎಂದು ಜನ ನಂಬಿದ್ದಾರೆ ಅಂತ ಅರ್ಥ."

"ಯಾವ ಜನ?"

"ಲೋಕದ ಎಲ್ಲ ಕಡೆಯವರೂ ಸರ್. ಯಾರು ಯಾರಿಗೂ ಗೊತ್ತಿಲ್ಲ."

ಭಾನುವಾರದ ಪಂದ್ಯದ ಗೆರೆಯನ್ನು ಅವನು ದೊಡ್ಡದು ಮಾಡಿ ತೋರಿಸಿದ. ಒಬ್ಬರಿಗೊಬ್ಬರು ಪರಿಚಯವಿಲ್ಲದ ಸಾವಿರಾರು ಜನರ ಊಹೆಯೆಲ್ಲ ಸೇರಿ ಒಂದೇ ಗೆರೆಯಾಗಿ, ಮಲಗಿದವನ ಎದೆಯಂತೆ ಏರಿ ಇಳಿಯುತ್ತಿತ್ತು. ಬದ್ರ್ ಹದಿನೈದು ವರ್ಷ ಜೂಜಿನ ಕೇಸುಗಳನ್ನು ಹಿಡಿದವರು. ಇಸ್ಪೀಟು, ದಾಳ, ಲಾಟರಿ ಎಲ್ಲ ನೋಡಿದ್ದರು. ಇಂಥದ್ದನ್ನು ನೋಡಿರಲಿಲ್ಲ. ಆ ಗೆರೆಯ ಪಕ್ಕದಲ್ಲಿ ಮನ್ಸೂರ್ ಪಂದ್ಯದ ಪ್ರಸಾರದ ಸಮಯವನ್ನು ಬರೆದಿಟ್ಟಿದ್ದ. ಪ್ರತಿ ದೊಡ್ಡ ಕಾಳಗವೂ ಪರದೆಯಲ್ಲಿ ಕಾಣುವ ನಾಲ್ಕೂವರೆ ನಿಮಿಷ ಮುಂಚೆ ಗೆರೆ ತಿರುಗಿತ್ತು. ಪ್ರತಿ ಸಲವೂ ಮೊದಲು ಕೊಂಡವರು ಒಬ್ಬರೇ. ಖಾತೆಯ ಹೆಸರು ಬರೇ ಅಂಕಿಗಳು.

"ಒಬ್ಬ ಕೊಂಡರೆ ರೇಟು ಇಷ್ಟು ಏರುತ್ತದಾ?"

"ಮೊದಲ ದಿನ ಏರುತ್ತಿರಲಿಲ್ಲ ಸರ್. ಈ ಖಾತೆ ತಪ್ಪುವುದಿಲ್ಲ ಅಂತ ಉಳಿದವರಿಗೆ ಗೊತ್ತಾದ ಮೇಲೆ ಎಲ್ಲರೂ ಇದರ ಹಿಂದೆಯೇ ಹೋಗುತ್ತಿದ್ದಾರೆ."

ವೆಬ್‌ಸೈಟಿಗೆ ಪತ್ರ ಹೋಯಿತು. ಉತ್ತರ ಬರಲಿಲ್ಲ.

ಮಧ್ಯಾಹ್ನ ಒಂದೂವರೆಗೆ ಸ್ಥಳ ಪರಿಶೀಲನೆ. ಎರಡೂ ಕೋಣೆಗಳ ಗೋಡೆ, ಚಾವಣಿ, ಕುರ್ಚಿ, ಮೇಜಿನ ಅಡಿ, ಎಲ್ಲ ಹುಡುಕಿದರು. ಕ್ಯಾಮೆರಾ ಇಲ್ಲ, ಮೈಕ್ ಇಲ್ಲ. ಆಟದ ಸರ್ವರಿಗೆ ಹೋಗುವ ಕೇಬಲ್ ಬಿಟ್ಟರೆ ಹೊರಗೆ ಹೋಗುವ ತಂತಿ ಇಲ್ಲ. ಸರ್ವರ್ ಇಟ್ಟ ಪೆಟ್ಟಿಗೆಯ ಸೀಲು ಹಾಗೆಯೇ ಇತ್ತು. ಡೋಲ್ಫಿ ಪಂಚನಾಮೆಗೆ ಇಬ್ಬರು ಸಾಕ್ಷಿಗಳ ಸಹಿ ತೆಗೆದುಕೊಂಡರು. ಅರಬ್ಬಿಯಲ್ಲಿ ಅದಕ್ಕೆ ಮಹ್‌ದರ್ ಎನ್ನುತ್ತಾರೆ. ನಮ್ಮೂರಿನ ಮಹಜರು ಇಲ್ಲಿಂದಲೇ ಹೋದದ್ದು ಎಂದು ಹೊಸಬರಿಗೆ ಹೇಳುವುದು ಅವರ ಅಭ್ಯಾಸ. ಆ ದಿನ ಹೇಳಲಿಲ್ಲ. ಏನೂ ಸಿಕ್ಕಲಿಲ್ಲ ಎಂದು ಬರೆದರೆ ಆ ಹುಡುಗಿಯ ಕಡೆಗೇ ಬೆರಳು ತೋರಿಸಿದಂತೆ ಎಂಬುದು ಅವರಿಗೂ ಗೊತ್ತಿತ್ತು.

ನಾಲ್ಕು ಗಂಟೆಗೆ ಸಮೀಹಾ ಠಾಣೆಗೆ ಬಂದಳು. ಜೊತೆಗೆ ತಾಯಿ ಸಫೂರಾ. ಕುವೈತಿನ ಫರ್ವಾನಿಯಾದಲ್ಲಿ ಹುಟ್ಟಿ ಬೆಳೆದ ಹುಡುಗಿ, ಇಪ್ಪತ್ತಮೂರು ವರ್ಷ. ಹಗಲು ಒಂದು ಆಫೀಸಿನಲ್ಲಿ ಟೈಪಿಂಗ್ ಕೆಲಸ. ಕಪ್ಪು ಸ್ಕಾರ್ಫಿನ ಅಂಚನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದಳು.

"ಆ ವೆಬ್‌ಸೈಟ್ ಗೊತ್ತಾ?"

"ಹೆಸರು ಕೇಳಿದ್ದೇನೆ ಸರ್. ಓಪನ್ ಮಾಡಿಲ್ಲ."

"ಪಂದ್ಯದ ನಡುವೆ ಕೋಣೆಯಿಂದ ಹೊರಗೆ ಹೋಗಿದ್ದೆಯಾ?"

"ಇಲ್ಲ. ರೆಫರಿ ಡೋರ್ ಹತ್ತಿರವೇ ಇರ್ತಾರೆ."

"ಮೂರು ಪಂದ್ಯ ಯಾಕೆ ಸೋತಿರಿ?"

ಅವಳ ಮುಖ ಕೆಂಪಾಯಿತು. "ಚೆನ್ನಾಗಿ ಆಡಲಿಲ್ಲ. ಅದಕ್ಕೆ."

ಸಫೂರಾ ಡೋಲ್ಫಿಯವರ ಕಡೆ ತಿರುಗಿದರು. "ಇವಳ ಅಪ್ಪ ಹೋದ ಮೇಲೆ ಇವಳ ಸಂಬಳದಲ್ಲೇ ನಾವು ಇರುವುದು. ಆಟ ಬಿಡು ಅಂತ ನಾನೇ ಎಷ್ಟು ಸಲ ಹೇಳಿದ್ದೇನೆ. ಆದರೆ ಮೋಸ ಮಾಡುವವಳಲ್ಲ ಅಂತ ಅವರಿಗೆ ಹೇಳಿ. ಸರಿಯಾಗಿ ಹೇಳಿ."

ಡೋಲ್ಫಿ ಹೇಳಿದರು. ಬದ್ರ್ ತಲೆಯಾಡಿಸಿ ಲ್ಯಾಪ್‌ಟಾಪನ್ನು ಸಮೀಹಾಳ ಕಡೆ ತಿರುಗಿಸಿದರು. ಅವಳು ಭಾನುವಾರದ ಗೆರೆಯನ್ನು ಬಹಳ ಹೊತ್ತು ನೋಡಿದಳು.

"ಸರ್, ಇಲ್ಲಿ ಇದು ತಪ್ಪಾಗಿದೆ."

"ಎಲ್ಲಿ?"

"ನಾಲ್ಕು ಹನ್ನೆರಡಕ್ಕೆ. ನಾವು ಗೆಲ್ತೇವೆ ಅಂತ ರೇಟ್ ಏರಿದೆ. ಆದರೆ ಆಗ ನಾವು ಸುಮ್ಮನೆ ಕಾಯ್ತಾ ಇದ್ದೆವು, ಫೈಟೇ ಇರಲಿಲ್ಲ. ಆಟ ನೋಡ್ತಾ ಇದ್ದವರು ಆಗ ಷೇರ್ ತಗೊಳ್ಳಲ್ಲ. ನಾನೇ ಹೇಳಿದ್ದಾದರೆ ನಾನು ಹಾಗೆ ಹೇಳ್ತಿರಲಿಲ್ಲ."

ಅದು ನಿಜ. ಅರ್ಧ ನಿಮಿಷ ಏರಿದ ಗೆರೆ ಮತ್ತೆ ಇಳಿದಿತ್ತು. ಬದ್ರ್ ಮುಂದಕ್ಕೆ ಬಾಗಿದರು.

"ನಾಲ್ಕು ಹನ್ನೆರಡಕ್ಕೆ ನಿಮ್ಮ ಕೋಣೆಯಲ್ಲಿ ಏನಾಯಿತು? ಆಟದಲ್ಲಿ ಅಲ್ಲ. ಕೋಣೆಯಲ್ಲಿ."

ಸಮೀಹಾ ಕಣ್ಣು ಮುಚ್ಚಿ ನೆನಪಿಸಿಕೊಂಡಳು. "ಸೆಖೆ ಅಂತ ರೆಫರಿಗೆ ಹೇಳಿದ್ದೆ. ಒಂದು ಏರ್ ಕೂಲರ್ ತಂದು ಆನ್ ಮಾಡಿದರು. ಅಷ್ಟೇ."

ರೆಫರಿಯ ಡೈರಿಯನ್ನು ತರಿಸಿದರು. ನೀಲಿ ಕೋಣೆ, ಕೂಲರ್, ೪.೧೨ ಎಂದು ಬರೆದಿತ್ತು.

ಬದ್ರ್ ಕುರ್ಚಿಗೆ ಒರಗಿದರು. ಸೋರಿಕೆ ಮಾಡುವವನಿಗೆ ಆಟ ಕಾಣುತ್ತಿಲ್ಲ, ಮಾತು ಕೇಳುತ್ತಿಲ್ಲ. ಕೋಣೆಯಲ್ಲಿ ಕೂಲರ್ ಹಾಕಿದರೆ ಮಾತ್ರ ಅವನು ಮೋಸಹೋಗುತ್ತಾನೆ. ಹಾಗಾದರೆ ಅವನು ನೋಡುತ್ತಿರುವುದು ಕರೆಂಟನ್ನು.

ಮಾತನ್ನು ಬಾಯಿಬಿಟ್ಟು ಹೇಳಿದಾಗ ಅವರಿಗೇ ನಂಬಿಕೆ ಬರಲಿಲ್ಲ. ಮನ್ಸೂರ್ ನಿಧಾನವಾಗಿ ಹೇಳಿದ: "ಕಾಳಗದ ಹೊತ್ತಿಗೆ ಕಂಪ್ಯೂಟರ್ ಹೆಚ್ಚು ಕೆಲಸ ಮಾಡುತ್ತದೆ ಸರ್. ಫ್ಯಾನ್ ಶಬ್ದವೇ ಜೋರಾಗುತ್ತದೆ. ಸತ್ತವನ ಪರದೆ ಬೂದು ಬಣ್ಣಕ್ಕೆ ತಿರುಗಿ ನಿಂತುಬಿಡುತ್ತದೆ. ಆಗ ಕೆಲಸ ಕಡಿಮೆ. ಆದರೆ ಇದನ್ನು ಹೊರಗೆ ನಿಂತು..."

ಸಂಜೆ ಬಾವಾರಿಗೆ ಫೋನ್ ಹೋಯಿತು. ಎರಡೂ ಕೋಣೆಗಳ ಕರೆಂಟಿನ ಲೈನುಗಳು ಕಟ್ಟಡದ ಹಿಂದಿನ ಪ್ಯಾನೆಲ್ ರೂಮಿಗೆ ಹೋಗುತ್ತವೆ. ಅದಕ್ಕೆ ಹೊರಗಿನಿಂದಲೇ ಬಾಗಿಲು. ಬೀಗದ ಕೈ ಇರುವುದು ಒಬ್ಬನ ಬಳಿ.

"ಎಡ್ವರ್ಡ್ ಅಂತ ಸಾರ್. ನಮ್ಮಲ್ಲಿ ಕರೆಂಟಿನ ಕೆಲಸ ನೋಡ್ತಾನೆ. ಮೂಡುಬೆಳ್ಳೆಯ ಕ್ರಿಶ್ಚಿಯನ್. ಒಳ್ಳೆ ಮನುಷ್ಯ. ಅವನಿಗೆ ಈ ಆಟದ ಗಂಧವೂ ಇಲ್ಲ."

ಬುಧವಾರ ನಾಲ್ಕು ಗಂಟೆಗೆ ಮಸ್ಕತ್ ಮತ್ತು ಬೈರೂತ್ ತಂಡಗಳ ಪಂದ್ಯ. ಫಲಕದಲ್ಲಿ ಮಸ್ಕತ್ ಕೆಂಪು ಕೋಣೆ, ಬೈರೂತ್ ನೀಲಿ ಕೋಣೆ ಎಂದು ಬರೆದಿತ್ತು. ಆಟ ಶುರುವಾಗಲು ಐದು ನಿಮಿಷವಿರುವಾಗ, ಬದ್ರ್ ಹೇಳಿದಂತೆ, ಬಾವಾ ಮತ್ತು ರೆಫರಿ ಸದ್ದಿಲ್ಲದೆ ತಂಡಗಳ ಕೋಣೆ ಅದಲುಬದಲು ಮಾಡಿದರು. ಫಲಕ ಹಾಗೆಯೇ ಇತ್ತು. ಎಡ್ವರ್ಡ್ ಮೂರೂವರೆಗೇ ಪ್ಯಾನೆಲ್ ರೂಮಿಗೆ ಹೋದದ್ದನ್ನು ಮನ್ಸೂರ್ ನೋಡಿದ್ದ.

ಹಿಂದಿನ ಅಂಗಳದಲ್ಲಿ ನಿಲ್ಲಿಸಿದ ಕಾರಿನಲ್ಲಿ ಬದ್ರ್, ಡೋಲ್ಫಿ, ಮನ್ಸೂರ್ ಮೂವರೂ ಲ್ಯಾಪ್‌ಟಾಪ್ ನೋಡುತ್ತ ಕೂತರು. ಬದ್ರ್ ಕಿವಿಗೆ ಫೋನ್ ಹಿಡಿದಿದ್ದರು. ಆಚೆ ಬದಿಯಲ್ಲಿ ರೆಫರಿ.

೪.೧೯ಕ್ಕೆ ರೆಫರಿ ಹೇಳಿದರು: "ಮಸ್ಕತ್‌ನವರು ನಾಲ್ವರನ್ನು ಹೊಡೆದರು." ಇಪ್ಪತ್ತು ಸೆಕೆಂಡು ಕಳೆಯಿತು. ಗೆರೆ ಅಲುಗಿತು. ಅಂಕಿಗಳ ಹೆಸರಿನ ಖಾತೆ ಬೈರೂತ್ ತಂಡದ ಪಾಲು ಕೊಂಡಿತು. ಅದರ ಹಿಂದೆ ಎಲ್ಲಿಂದೆಲ್ಲಿಂದಲೋ ನೂರಾರು ಜನ ಬೈರೂತ್ ತಂಡವನ್ನೇ ಕೊಂಡರು. ಐವತ್ತೆರಡು, ಅರವತ್ತು, ಅರವತ್ತೊಂಬತ್ತು. ಒಬ್ಬ ಮನುಷ್ಯ ತಪ್ಪು ತಿಳಿದದ್ದಕ್ಕೆ ಇಡೀ ಲೋಕ ತಪ್ಪು ದಾರಿಗೆ ತಿರುಗುವುದನ್ನು ಮೂವರೂ ನೋಡಿದರು.

೪.೨೪ಕ್ಕೆ ಪರದೆಯಲ್ಲಿ ನಿಜ ಕಂಡಿತು. ಗೆರೆ ಒಮ್ಮೆಲೇ ಕುಸಿಯಿತು.

"ಯಲ್ಲಾ, ನಡೆಯಿರಿ," ಎಂದು ಬದ್ರ್ ಕಾರಿನ ಬಾಗಿಲು ತೆರೆದರು.

ಪ್ಯಾನೆಲ್ ರೂಮಿನಲ್ಲಿ ಒಂದು ಮುರುಕು ಸ್ಟೂಲಿನ ಮೇಲೆ ಎಡ್ವರ್ಡ್ ಕೂತಿದ್ದ. ಐವತ್ತನಾಲ್ಕು ವರ್ಷ, ನರೆತ ಮೀಸೆ, ನೀಲಿ ಕವರಾಲ್. ಎದುರಿಗೆ ಎರಡು ದಪ್ಪ ಕೇಬಲ್, ಒಂದೊಂದಕ್ಕೂ ಕರೆಂಟು ಅಳೆಯುವ ಒಂದೊಂದು ಕ್ಲ್ಯಾಂಪ್ ಮೀಟರ್ ಕಚ್ಚಿಸಿತ್ತು. ತೊಡೆಯ ಮೇಲೆ ನೋಟ್‌ಬುಕ್, ಕೈಯಲ್ಲಿ ಫೋನ್. ಪೊಲೀಸರನ್ನು ಕಂಡು ಅವನು ಎದ್ದು ನಿಂತ. ಓಡಲು ನೋಡಲಿಲ್ಲ, ಫೋನ್ ಬಚ್ಚಿಡಲೂ ಇಲ್ಲ. ಡೋಲ್ಫಿಯವರ ಮುಖ ನೋಡಿ ಕೊಂಕಣಿಯಲ್ಲಿ ಕೇಳಿದ.

"ರೂಮು ಬದಲಾಯಿಸಿದ್ದಾ?"

ಡೋಲ್ಫಿ ಅದನ್ನು ಅರಬ್ಬಿಗೆ ಹೇಳಿದರು. ಬದ್ರ್ ಹೌದೆಂದು ತಲೆಯಾಡಿಸಿದರು.

"ಹಾಗೆಯೇ ಅಂದುಕೊಂಡೆ," ಎಂದ ಎಡ್ವರ್ಡ್. "ಮೀಟರ್ ತಪ್ಪಿರಲಿಕ್ಕಿಲ್ಲ."

ಒಳಗೆ ಪಂದ್ಯ ಇನ್ನೂ ನಡೆಯುತ್ತಿತ್ತು. ಬದ್ರ್ ಕೈಕೋಳ ಹಾಕಲಿಲ್ಲ. ಮೊದಲು ಫೋನ್ ತೆಗೆದುಕೊಂಡು ಮನ್ಸೂರ್‌ಗೆ ಕೊಟ್ಟರು.

"ಡೋಲ್ಫಿ, ಈಗ ಓದು ಅಂತ ಹೇಳು. ಏನಾಗುತ್ತಿದೆ ಅಂತ ಬಾಯಲ್ಲಿ ಹೇಳಲಿ. ಮನ್ಸೂರ್, ನೀನು ಸಮಯ ಬರೆದುಕೋ."

ಎಡ್ವರ್ಡ್ ಸ್ಟೂಲಿನ ಮೇಲೆ ಕೂತ. ಮೀಟರುಗಳ ಅಂಕಿ ಓಡುತ್ತಿತ್ತು. ಎಂಟು ಪಾಯಿಂಟ್ ಒಂದು, ಎಂಟು ಪಾಯಿಂಟ್ ನಾಲ್ಕು. ಉಳಿದವರಿಗೆ ಅದು ಬರೇ ಅಂಕಿ.

"ಈಗ ಏನೂ ಇಲ್ಲ. ನಡೀತಾ ಇದ್ದಾರೆ," ಎಂದ. ಸ್ವಲ್ಪ ಹೊತ್ತಿನ ಮೇಲೆ, "ನೀಲಿಯವರು ಓಡ್ತಾ ಇದ್ದಾರೆ. ಕೆಂಪಿನವರಿಗೆ ಗೊತ್ತಿಲ್ಲ." ಎರಡೂ ಅಂಕಿಗಳು ಒಟ್ಟಿಗೆ ಮೇಲಕ್ಕೆ ಹಾರಿದವು. "ಶುರುವಾಯ್ತು. ಕೆಂಪಲ್ಲಿ ಒಬ್ಬ ಹೋದ. ಇನ್ನೊಬ್ಬ. ನೀಲಿಯಲ್ಲಿ ಒಬ್ಬ. ಕೆಂಪಲ್ಲಿ ಮೂರನೆಯವನು, ಅವನು ಸ್ವಲ್ಪ ಹೊತ್ತು ಒದ್ದಾಡಿದ." ಕೆಂಪು ಕೋಣೆಯ ಅಂಕಿ ಏಳಕ್ಕಿಂತ ಕೆಳಗೆ ಬಿತ್ತು. "ಖಲಾಸ್. ಐದೂ ಜನ ಹೋದರು."

ಮನ್ಸೂರ್ ಬರೆದುಕೊಂಡ. ೪.೩೧. ಅನಂತರ ಐದು ನಿಮಿಷ ಕಾದರು. ಪ್ಯಾನೆಲ್ಲಿನ ಗುಂಯ್ ಎಂಬ ಸದ್ದು ಮಾತ್ರ ಇತ್ತು.

ಮನ್ಸೂರನ ಫೋನಿನಲ್ಲಿ ಪ್ರಸಾರ ಆ ಕ್ಷಣಕ್ಕೆ ಬಂದು ಮುಟ್ಟಿತು. ಮಸ್ಕತ್ ತಂಡ ಕಾಡಿನ ಮರೆಯಲ್ಲಿ ಓಡಿತು. ಬೈರೂತ್ ತಂಡದ ಒಬ್ಬ ಬಿದ್ದ, ಇನ್ನೊಬ್ಬ ಬಿದ್ದ. ಮಸ್ಕತ್‌ನ ಒಬ್ಬ ಬಿದ್ದ. ಬೈರೂತ್‌ನ ಮೂರನೆಯವನು ಗುರಾಣಿ ಹಿಡಿದು ಸ್ವಲ್ಪ ಹೊತ್ತು ಒದ್ದಾಡಿ ಬಿದ್ದ. ಕೊನೆಗೆ ಐದೂ ಜನ. ಗೋಡೆಯಾಚೆಯಿಂದ ಪ್ರೇಕ್ಷಕರ ಕೂಗು ಕೇಳಿಸಿತು.

ಮನ್ಸೂರ್ ಫೋನ್ ಕೆಳಗಿಳಿಸಿದ. ತಾನು ಹತ್ತು ವರ್ಷ ಕಣ್ಣೆದುರು ಆಡಿದ ಆಟವನ್ನು ಎಡ್ವರ್ಡ್ ಗೋಡೆಯ ಹಿಂದೆ ಕೂತು, ಒಂದು ಚಿತ್ರವನ್ನೂ ನೋಡದೆ ಓದಿದ್ದ. ಬದ್ರ್ ಆ ಮೀಟರಿನ ಹತ್ತಿರ ಹೋಗಿ ಬಗ್ಗಿ, ಮಕ್ಕಳು ಗಡಿಯಾರದ ಒಳಗೆ ನೋಡುವ ಹಾಗೆ ನೋಡಿದರು.

"ಆಟ ಎಲ್ಲಿ ಕಲಿತೆ ಅಂತ ಕೇಳು."

"ಆಟ ನನಗೆ ಗೊತ್ತಿಲ್ಲ," ಎಂದ ಎಡ್ವರ್ಡ್. "ಕರೆಂಟು ಗೊತ್ತು."

೪.೫೦ಕ್ಕೆ ಬಂಧನ ದಾಖಲಾಯಿತು. ಮೀಟರ್ ಎರಡು, ಫೋನ್ ಒಂದು, ನೋಟ್‌ಬುಕ್ ನಾಲ್ಕು ವಶ. ನೋಟ್‌ಬುಕ್ಕುಗಳಲ್ಲಿ ನಾಲ್ಕು ತಿಂಗಳ ಅಭ್ಯಾಸ ಪಂದ್ಯಗಳಿದ್ದವು. ಎಡಗಡೆ ಮೀಟರಿನ ಅಂಕಿ, ಬಲಗಡೆ ಐದು ನಿಮಿಷದ ಬಳಿಕ ಪರದೆಯಲ್ಲಿ ಕಂಡದ್ದು. ಹೀಗೆ ಒಂಬೈನೂರಕ್ಕೂ ಹೆಚ್ಚು ಕಾಳಗಗಳು, ಸಣ್ಣ ಅಕ್ಷರದಲ್ಲಿ.

ಠಾಣೆಯಲ್ಲಿ ವಿಚಾರಣೆ ಆರು ಗಂಟೆಗೆ. ಡೋಲ್ಫಿ ಚಹಾ ತರಿಸಿ ಎದುರಿಗೆ ಇಟ್ಟರು. ಇಬ್ಬರೂ ಕೊಂಕಣಿಯಲ್ಲೇ ಮಾತಾಡಿದರು.

"ಎಡ್ವರ್ಡ್‌ಬಾಬ್, ಇಲ್ಲಿ ಜೂಜು ಅಪರಾಧ ಅಂತ ಗೊತ್ತಿರಲಿಲ್ಲವಾ?"

"ಗೊತ್ತಿತ್ತು."

"ಬಂದ ಹಣ ಏನು ಮಾಡಿದಿರಿ?"

"ಅಲ್ಲೇ ಉಂಟು. ಒಂದು ಪೈಸೆ ತೆಗೆದಿಲ್ಲ. ತೆಗೆಯುವುದು ಹೇಗೆ ಅಂತ ನೋಡಿಯೂ ಇಲ್ಲ."

ಮನ್ಸೂರ್ ಖಾತೆ ತೆರೆದು ನೋಡಿದ. ನಿಜವಾಗಿತ್ತು.

"ಮತ್ತೆ ಎಂತಕ್ಕೆ ಮಾಡಿದ್ದು?"

ಎಡ್ವರ್ಡ್ ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಸುಲೈಬಿಯಾದ ಶೀತಲ ಗೋದಾಮಿನಲ್ಲಿದ್ದಾಗಿನ ಒಂದು ಮಾತು ಹೇಳಿದ. ಕಂಪ್ರೆಸರಿನ ಕರೆಂಟು ನೋಡಿ, ಇದರ ಬೇರಿಂಗ್ ಎರಡು ತಿಂಗಳಲ್ಲಿ ಹೋಗ್ತದೆ ಅಂತ ಎಂಜಿನಿಯರಿಗೆ ಹೇಳಿದ್ದ. ನಿನ್ನ ಕೆಲಸ ನೋಡು ಅಂದಿದ್ದರು. ಏಳನೇ ವಾರ ಅದು ಹೋಯಿತು. ಇಂಥದ್ದು ಒಂದಲ್ಲ, ಹತ್ತು ಕಡೆ ಆಗಿತ್ತು.

"ಇಪ್ಪತ್ತಾರು ವರ್ಷ ನಾನು ಹೇಳಿದ್ದನ್ನು ಯಾರೂ ಕೇಳಲಿಲ್ಲ ಡೋಲ್ಫಿಬಾಬ್. ಈ ಸೈಟನ್ನು ರೂಮಿನಲ್ಲಿದ್ದ ಫಿಲಿಪೀನೊ ತೋರಿಸಿದ. ಅಲ್ಲಿ ನಾನು ಒಂದು ಬಟನ್ ಒತ್ತಿದರೆ ರೇಟು ಏರ್ತಿತ್ತು. ನಾನು ಯಾರು, ಯಾವ ಊರು, ಎಷ್ಟು ಓದಿದ್ದು, ಯಾರೂ ಕೇಳಲಿಲ್ಲ. ನಂಬಿದರು."

ಡೋಲ್ಫಿ ಇದನ್ನು ಅರಬ್ಬಿಗೆ ಹೇಳಿದರು. ಬದ್ರ್ ಕೇಳಿಸಿಕೊಂಡು, ಆಮೇಲೆ ಒಂದೇ ಪ್ರಶ್ನೆ ಕೇಳಿದರು.

"ಆ ಹುಡುಗಿಯನ್ನು ಸಸ್ಪೆಂಡ್ ಮಾಡಿದ್ದು ಅವನಿಗೆ ಗೊತ್ತಿತ್ತಾ?"

"ಸೋಮವಾರವೇ ಗೊತ್ತಾಯ್ತು," ಎಂದ ಎಡ್ವರ್ಡ್. "ತಪ್ಪು ಮಾಡದವಳು, ಹೇಗಾದರೂ ಪಾರಾಗ್ತಾಳೆ ಅಂದುಕೊಂಡೆ. ಎರಡು ದಿನ ಹಾಗೆ ಅಂದುಕೊಂಡೇ ಕೂತೆ. ಬಂದು ಹೇಳಬೇಕಿತ್ತು. ಹೇಳಿದರೆ ಇದು ನಿಲ್ಲುತ್ತಿತ್ತು, ಅದಕ್ಕೆ ಹೇಳಲಿಲ್ಲ." ಅವನು ಮೊದಲ ಸಲ ತಲೆ ತಗ್ಗಿಸಿದ.

ಗುರುವಾರ ಬೆಳಿಗ್ಗೆ ಸಮೀಹಾಳ ಮೇಲಿನ ಆರೋಪ ಕೈಬಿಟ್ಟ ಪತ್ರ ಸಿದ್ಧವಾಯಿತು. ಪತ್ರ ತೆಗೆದುಕೊಳ್ಳಲು ಬಂದವಳು ಎಡ್ವರ್ಡ್‌ನನ್ನು ನೋಡಬೇಕೆಂದಳು. ಬೈಯಲು ಇರಬೇಕು ಎಂದುಕೊಂಡು ಬದ್ರ್ ಎರಡು ನಿಮಿಷ ಕೊಟ್ಟರು. ಅವಳು ಬಾಗಿಲಿನ ಬಳಿಯೇ ನಿಂತಳು.

"ಅಂಕಲ್, ನಿಮ್ಮಿಂದ ನನ್ನ ಅಮ್ಮ ಎರಡು ದಿನ ಊಟ ಮಾಡಲಿಲ್ಲ."

ಎಡ್ವರ್ಡ್ ಎದ್ದು ನಿಂತ.

"ನಮ್ಮ ಮೂರು ಮ್ಯಾಚ್. ನಾವು ಸೋಲ್ತೇವೆ ಅಂತ ನಿಮಗೆ ಯಾವಾಗ ಗೊತ್ತಾಗ್ತಿತ್ತು?"

ಅವನು ನಿಧಾನವಾಗಿ, ಕನ್ನಡದಲ್ಲಿ ಹೇಳಿದ. "ಜಗಳದ ಮೊದಲೇ ಮಗಳೇ. ಒಂದು ಸಲ ಪೆಟ್ಟು ತಿಂದ ಮೇಲೆ ನಿಮ್ಮ ರೂಮಿನ ಕರೆಂಟು ಅಲುಗುತ್ತಿರಲಿಲ್ಲ. ಐದೂ ಜನ ಒಂದೇ ಕಡೆ ನಿಲ್ತಿದ್ದಿರಿ ಅಂತ ಕಾಣ್ತದೆ. ಹೆದರಿದ ಹಾಗೆ."

ಸಮೀಹಾ ಅವನನ್ನೇ ನೋಡಿದಳು. ಅದು ಹೆದರಿಕೆಯೆಂದು ತಂಡದ ಐದು ಜನರಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಕೋಟೆಯ ಮೂಲೆಯಲ್ಲಿ ಒತ್ತೊತ್ತಾಗಿ ನಿಂತು ಅವರು ಕಾಯುತ್ತಿದ್ದರು, ಪ್ರತಿ ಸಲವೂ. ಹೊರಗೆ ಬಂದಾಗ ಅವಳ ಕಣ್ಣು ತುಂಬಿತ್ತು. ಸಿಟ್ಟಾ, ಆಶ್ಚರ್ಯವಾ ಎಂದು ಡೋಲ್ಫಿ ಕೇಳಲಿಲ್ಲ. "ಮುಂದಿನ ಸಲ ಕಾಯುವುದಿಲ್ಲ," ಎಂದಷ್ಟೇ ಹೇಳಿ ಹೊರಗೆ ನಿಂತಿದ್ದ ತಾಯಿಯ ಕೈ ಹಿಡಿದು ಮೆಟ್ಟಿಲಿಳಿದಳು.

ಮಧ್ಯಾಹ್ನ ಆರೋಪಿಯನ್ನು ಪ್ರಾಸಿಕ್ಯೂಷನ್ ಕಚೇರಿಗೆ ಕಳಿಸಬೇಕಿತ್ತು. ಶಿಕ್ಷೆ ಎಷ್ಟಾದರೂ ಆಗಲಿ, ಕೊನೆಗೆ ಗಡಿಪಾರು ಖಂಡಿತ. ಬದ್ರ್ ಕೊನೆಯ ಸಲ ಕಡತ ತಿರುವುತ್ತಿದ್ದರು. ಆರೋಪಿಯ ಉದ್ಯೋಗ ಎಂಬಲ್ಲಿ ಮನ್ಸೂರ್ ಇಕಾಮಾ ನೋಡಿ ಅದರಲ್ಲಿದ್ದಂತೆಯೇ ಬರೆದಿದ್ದ: ಸಾಮಾನ್ಯ ಕೂಲಿ. ಕೆಲಸ ಕೊಟ್ಟ ಕಫೀಲ್ ಬದಲಾದರೂ, ಕೆಲಸ ಬದಲಾದರೂ ಇಪ್ಪತ್ತಾರು ವರ್ಷ ಆ ಎರಡು ಪದ ಬದಲಾಗಿರಲಿಲ್ಲ.

ಬದ್ರ್ ಪೆನ್ನು ತೆಗೆದು ಅದರ ಮೇಲೆ ಗೆರೆ ಎಳೆದರು. ಪಕ್ಕದಲ್ಲಿ ಬೇರೇನೋ ಬರೆದು, ತಿದ್ದಿದ್ದಕ್ಕೆ ಸಹಿ ಹಾಕಿ, ಮೊಹರು ಒತ್ತಿದರು.

ಎದುರು ನಿಂತ ಎಡ್ವರ್ಡ್ ಕತ್ತು ಚಾಚಿದ. ಅರಬ್ಬಿ ಓದಲು ಬರುತ್ತಿರಲಿಲ್ಲ. "ಎಂತ ಬರೆದರು?" ಎಂದು ಡೋಲ್ಫಿಯವರನ್ನು ಕೇಳಿದ.

"ವಿದ್ಯುತ್ ತಜ್ಞ ಅಂತ ಬರೆದಿದ್ದಾರೆ."

ಎಡ್ವರ್ಡ್ ಆ ಕಾಗದವನ್ನು ನೋಡುತ್ತಲೇ ಇದ್ದ. ಮನ್ಸೂರ್ ಕೈಕೋಳ ಹಿಡಿದು ಹತ್ತಿರ ಬಂದಾಗ ತಾನಾಗಿಯೇ ಎರಡೂ ಕೈ ಮುಂದೆ ಚಾಚಿದ.